ಆ ಸಂದನ್ನು ನಾನು ತುಂಬಿಬಿಡುತ್ತಿದ್ದೆ

ಹಳೆಯ ನೆಲಗಳನ್ನು ಉಳಿಸುವುದು ನನ್ನ ಕೆಲಸ. ಗ್ರೀಸಿಗೆ ಬಂದ ಮೊದಲ ವರ್ಷ, ಉತ್ತರ ಭಾಗದ ಒಂದು ಉತ್ಖನನದಲ್ಲಿ ಕ್ರಿ.ಪೂ. 4ನೇ ಶತಮಾನದ ಮೊಸಾಯಿಕ್ (ಸಣ್ಣ ಕಲ್ಲುಗಳನ್ನು ಜೋಡಿಸಿ ಮಾಡಿದ ಚಿತ್ರದ ನೆಲ) ಒಂದರ ದುರಸ್ತಿಗೆ ನನ್ನನ್ನು ಹಾಕಿದ್ದರು. ಕಿತ್ತುಹೋದ ಕಡೆ ಗಾರೆ ತುಂಬಿ, ಅಕ್ಕಪಕ್ಕದ ಕಲ್ಲು ಅಲುಗದಂತೆ ಮಾಡಬೇಕಿತ್ತು.

ಮೊಸಾಯಿಕ್ ಎಂದರೆ ನಮಗೆ ಚೌಕ ಚೂರುಗಳು ನೆನಪಾಗುತ್ತವೆ. ಗ್ರೀಕರ ಹಳೆಯ ಚಿತ್ರದ ನೆಲಗಳಲ್ಲಿ ಕತ್ತರಿಸಿದ ಕಲ್ಲೇ ಇಲ್ಲ. ನೀರಿನಲ್ಲಿ ಉರುಳಿ ನುಣುಪಾದ ಹರಳುಗಳನ್ನು ಆರಿಸಿ, ಬಣ್ಣ ಬೇರ್ಪಡಿಸಿ, ಹಸಿ ಗಾರೆಗೆ ಒತ್ತಿದ್ದಾರೆ. ಕ್ರಿ.ಪೂ. 348ರಲ್ಲಿ ಮ್ಯಾಸಿಡೋನಿಯದ ರಾಜ ಎರಡನೇ ಫಿಲಿಪ್ ನೆಲಸಮ ಮಾಡಿದ ಒಲಿಂಥಸ್ ನಗರದಲ್ಲಿ ಇಂಥ ನೆಲಗಳಿವೆ. ಕಪ್ಪು ಹಿನ್ನೆಲೆ, ಬಿಳಿ ಆಕೃತಿ. ರೆಕ್ಕೆಯ ಕುದುರೆ ಪೆಗಾಸಸ್ ಏರಿ ಬೆಲೆರೊಫೋನ್ ಕೈಮೀರಾ ಎಂಬ ವಿಚಿತ್ರ ಪ್ರಾಣಿಯನ್ನು ಈಟಿಯಿಂದ ತಿವಿಯುತ್ತಾನೆ.

ಆ ಶತಮಾನ ಮುಗಿಯುವ ಹೊತ್ತಿಗೆ, ಮ್ಯಾಸಿಡೋನಿಯದ ರಾಜಧಾನಿ ಪೆಲ್ಲಾದಲ್ಲಿ ಅದೇ ಹರಳುಗಳಿಂದ ನೆರಳು ಮೂಡಿಸಿದ್ದಾರೆ. ಜಿಂಕೆ ಬೇಟೆಯ ಚಿತ್ರದಲ್ಲಿ ಬೇಟೆಗಾರರ ಮೈಕಟ್ಟು ಬೂದು ಬಣ್ಣದ ಬೇರೆ ಬೇರೆ ಛಾಯೆಗಳಲ್ಲಿ ಉಬ್ಬಿ ಬಂದಿದೆ. ಮೇಲೆ ಹರಳಿನಲ್ಲೇ ಬರೆದ ಸಹಿ: 'ಗ್ನೋಸಿಸ್ ಮಾಡಿದ'. ನಾನು ಅದರ ಮುಂದೆ ಅರ್ಧ ದಿನ ಕೂತಿದ್ದೇನೆ. ತನ್ನ ಹೆಸರು ಹಾಕಿಕೊಳ್ಳುವ ಹಕ್ಕು ಆ ಕೈಗೆ ಪೂರ್ತಿ ಇತ್ತು ಅನ್ನಿಸುತ್ತದೆ.

ಉರುಟು ಕಲ್ಲಿನಿಂದ ಕೂದಲೆಳೆಯಂಥ ಗೆರೆ ಬಾರದು. ಅದಕ್ಕೆ ಪೆಲ್ಲಾದವರು ಸೀಸದ ಅಥವಾ ಸುಟ್ಟ ಮಣ್ಣಿನ ತೆಳ್ಳನೆಯ ಪಟ್ಟಿಗಳನ್ನು ಬಳಸಿದರು. ಗುಂಗುರು ಕೂದಲು, ಬೆರಳು, ಮುಖದ ರೇಖೆ, ಇವೆಲ್ಲ ಆ ಪಟ್ಟಿಗಳಿಂದ ಬಂದವು. ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಆದರೂ ಅವತ್ತು ನನಗೆ ಕಂಡದ್ದು ಬಿರುಕು. ಆಕೃತಿಯೊಂದರ ತೋಳಿನ ಪಕ್ಕ ಬೆರಳುದ್ದದ ಸಂದು, ಒಳಗೆ ಮಣ್ಣು. ಮಣ್ಣು ತೆಗೆದು, ನಕ್ಷೆಯಲ್ಲಿ 'ಹಾನಿ' ಎಂದು ಕೆಂಪು ಗೆರೆ ಎಳೆದು, ಗಾರೆ ಕಲಸಿಕೊಂಡೆ. ಸುಣ್ಣ, ಮರಳು, ಇಟ್ಟಿಗೆ ಪುಡಿ, ನಮ್ಮೂರಿನ ಹಳೆಯ ಗಾರೆ ಕೆಲಸದವರು ಕಂಡರೆ ತಕ್ಷಣ ಗುರುತಿಸುವ ಮಿಶ್ರಣ. (ಕಳೆದ ಶತಮಾನದಲ್ಲಿ ಎಷ್ಟೋ ಮೊಸಾಯಿಕ್‌ಗಳನ್ನು ಎಬ್ಬಿಸಿ ಕಬ್ಬಿಣ ಹಾಕಿದ ಕಾಂಕ್ರೀಟಿನ ಮೇಲೆ ಕೂರಿಸಿದರು. ಕಬ್ಬಿಣ ತುಕ್ಕು ಹಿಡಿದು ಉಬ್ಬಿತು, ಸಿಮೆಂಟಿನ ಉಪ್ಪು ಕಲ್ಲಿಗೆ ಏರಿತು. ಅದನ್ನು ಬಿಡಿಸುವುದು ಈಗ ನಮ್ಮಂಥವರಿಗೆ ದೊಡ್ಡ ಕೆಲಸ.)

ಸಿರಿಂಜ್ ಹಿಡಿದು ಬಗ್ಗಿದ್ದೆ. ನಮ್ಮ ತಂಡದ ಹಿರಿಯ ಸಂರಕ್ಷಕಿ ಬಂದು ಟಾರ್ಚನ್ನು ನೆಲಕ್ಕೆ ತಾಗಿಸಿದಂತೆ ಅಡ್ಡ ಹಿಡಿದರು. "ಬಿರುಕಾದರೆ ಗಾರೆಯನ್ನು ಒಡೆದುಕೊಂಡು ಹೋಗಬೇಕು. ಇದರ ಎರಡು ದಂಡೆ ನೋಡಿ" ಅಂದರು.

ನೋಡಿದೆ. ಎರಡೂ ದಂಡೆ ನಯವಾಗಿದ್ದವು, ಅಗಲ ಉದ್ದಕ್ಕೂ ಒಂದೇ. ಸಂದು ತೋಳಿನ ಬಾಗನ್ನೇ ಹಿಡಿದು ಹೋಗಿತ್ತು. ಎರಡೂ ಕಡೆಯ ಹರಳುಗಳು ಯಾವುದಕ್ಕೋ ಆತುಕೊಂಡು ಸಾಲಾಗಿ ಕೂತಿದ್ದವು. ಆ 'ಯಾವುದೋ' ಈಗ ಇರಲಿಲ್ಲ, ಅಷ್ಟೇ. ಗೆರೆಯ ಪಟ್ಟಿಯನ್ನು ಮೊದಲು ನಿಲ್ಲಿಸಿ, ಹರಳನ್ನು ಆಮೇಲೆ ತುಂಬಿದ್ದಾರೆ ಎನ್ನುವುದಕ್ಕೆ ಆ ಖಾಲಿ ಜಾಗವೇ ಸಾಕ್ಷಿ. ನಾನು ಗಾರೆ ಬಿಟ್ಟಿದ್ದರೆ ಎರಡೇ ದಿನದಲ್ಲಿ ಆ ಸಾಕ್ಷಿ ಮುಚ್ಚಿಹೋಗುತ್ತಿತ್ತು, ನಕ್ಷೆಯಲ್ಲಿ ನನ್ನ ಕೆಂಪು ಗೆರೆ ಮಾತ್ರ ಉಳಿಯುತ್ತಿತ್ತು.

ಮುಂದೆ ಡೆಲೋಸ್ ದ್ವೀಪದ ನೆಲಗಳನ್ನು ನೋಡಿದಾಗ ಇದು ಇನ್ನಷ್ಟು ಅರ್ಥವಾಯಿತು. ಅಲ್ಲಿ ಹರಳಿನ ಕಾಲ ಮುಗಿದು, ಕತ್ತರಿಸಿದ ಚೂರುಗಳು ಬಂದಿವೆ. ಕೆಲವು ಚೂರು ಕೆಲವೇ ಮಿಲಿಮೀಟರ್. ಆದರೂ ಅಂಚಿನ ಜ್ಯಾಮಿತಿ ವಿನ್ಯಾಸಗಳಲ್ಲಿ ಸೀಸದ ಪಟ್ಟಿ ಉಳಿದುಕೊಂಡಿದೆ.

ಕಲಸಿದ ಗಾರೆಯನ್ನು ಅವತ್ತು ಬೇರೆ ಕಡೆ ಬಳಸಿದೆವು. ನಕ್ಷೆಯ ಕೆಂಪು ಗೆರೆ ಅಳಿಸಿ ನೀಲಿಯಲ್ಲಿ 'ಪಟ್ಟಿಯ ಜಾಡು' ಎಂದು ಬರೆದೆ. ಸಂಜೆ ಮೆತ್ತನೆ ಕುಂಚದಿಂದ ಸಂದಿನ ತುದಿಯನ್ನು ಮತ್ತೊಮ್ಮೆ ತೆಗೆದಾಗ, ಮೂಲೆಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ಬೂದು ಚೂರೊಂದು ಸಿಕ್ಕಿತು. ಸೀಸ. ಚೀಲಕ್ಕೆ ಹಾಕಿ, ನಂಬರು ಬರೆದು, ಹಿರಿಯ ಸಂರಕ್ಷಕಿಯ ಕೈಗೆ ಕೊಟ್ಟೆ.