ಎಕ್ಸ್‌ಪಲ್ಸ್ ತಗೊಂಡೆ, ಮೊದಲು ಏನು ಹಾಕಿಸಲಿ?

“ಅಣ್ಣಯ್ಯಾ, ಗಾಡಿ ಬಂತು. ಮೊದ್ಲು ಎಂಥ ಹಾಕ್ಸದು?”

ವರ್ಷಕ್ಕೆ ಏಳೆಂಟು ಸಲವಾದರೂ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಚಿಕ್ಕಪ್ಪನ ಮಗ ಕೇಳಿದ, ಪಕ್ಕದ ತೋಟದ ರೈಟರು ಕೇಳಿದರು, ಬೆಂಗಳೂರಲ್ಲಿ ಕೆಲಸಕ್ಕಿರುವ ಊರಿನ ಹುಡುಗರಂತೂ ಗಾಡಿ ಬುಕ್ ಮಾಡಿದ ದಿನವೇ ಫೋನ್ ಮಾಡುತ್ತಾರೆ. ಗಾಡಿ ಎಂದರೆ ಹೀರೋ ಎಕ್ಸ್‌ಪಲ್ಸ್ 200. ಟಾರು ರಸ್ತೆಗೂ ಸೈ, ಕಲ್ಲು ಮಣ್ಣಿನ ದಾರಿಗೂ ಸೈ ಅನ್ನುವ ಜಾತಿಯದು. 2019ರ ಮೇ ತಿಂಗಳಲ್ಲಿ ಬಂದಾಗ ಕಾರ್ಬುರೇಟರ್ ಮಾದರಿಯ ಶೋರೂಂ ಬೆಲೆ 97,000 ರೂಪಾಯಿ ಇತ್ತು. ಮುಂದೆ 21 ಇಂಚಿನ ಚಕ್ರ, ಹಿಂದೆ 18 ಇಂಚಿನದು, ಎರಡೂ ಕಡ್ಡಿಯ ಚಕ್ರ, ನೆಲದಿಂದ 220 ಮಿ.ಮೀ. ಎತ್ತರ. ಒಂದು ಲಕ್ಷದೊಳಗೆ ಇಷ್ಟೆಲ್ಲ ಕೊಡುವ ಗಾಡಿ ಆಗ ಬೇರೆ ಇರಲಿಲ್ಲ. ಅದೇ ಕಂಪನಿ 2011ರಲ್ಲಿ ತಂದಿದ್ದ 150 ಸಿಸಿಯ ಇಂಪಲ್ಸ್ ಹೆಚ್ಚು ವರ್ಷ ಉಳಿಯಲಿಲ್ಲ. ಇದು ಉಳಿಯಿತು.

ನನ್ನ ಉತ್ತರ ಯಾವತ್ತೂ ಒಂದೇ. ಒಂದು ಮಳೆಗಾಲ ಕಳೆಯುವ ತನಕ ಏನೂ ಹಾಕಿಸಬೇಡ. ಆ ದುಡ್ಡಲ್ಲಿ ಒಳ್ಳೆಯ ಪಾನಾ ಸೆಟ್ ತಗೋ. ಎರಡು ಚಕ್ರವನ್ನೂ ನೀನೇ ಬಿಚ್ಚು, ನೀನೇ ಹಾಕು. ಆಮೇಲೆ ಬಾ, ಮಾತಾಡೋಣ.

ಕೇಳಿದವರಿಗೆ ಬೇಸರವಾಗುತ್ತದೆ. ಅವರ ಹತ್ತಿರ ಪಟ್ಟಿ ಆಗಲೇ ತಯಾರಿರುತ್ತದೆ: ಸೈಲೆನ್ಸರ್, ಫಾಗ್ ಲೈಟು, ಕ್ರ್ಯಾಶ್ ಗಾರ್ಡು, ಪೆಟ್ಟಿಗೆ ಕಟ್ಟುವ ಸ್ಟ್ಯಾಂಡು. ಆದರೆ ನಾನು ಹೀಗೆ ಹೇಳುವುದಕ್ಕೆ ಕಾರಣವಿದೆ. ಅದನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ.

ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನಲ್ಲಿ. ಟಾರು ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರು ಮಣ್ಣಿನ ದಾರಿ. ನಾನು ಗಾಡಿ ತಂದದ್ದು 2019ರ ಜುಲೈನಲ್ಲಿ. ಆಗಸ್ಟಿನಲ್ಲಿ ನಮ್ಮ ಕಡೆ ಎಂಥ ಮಳೆ ಬಿತ್ತು ಎಂದು ಎಲ್ಲರಿಗೂ ನೆನಪಿದೆ. ಗುಡ್ಡಗಳು ಕುಸಿದವು, ತೋಟಗಳು ಕೊಚ್ಚಿಹೋದವು, ಚಾರ್ಮಾಡಿ ಘಾಟಿ ಮುಚ್ಚಿತು. ಜೀಪು ಹೋಗದ ಕಡೆ ಈ ಗಾಡಿ ಹೋಗುತ್ತಿತ್ತು. ಮಾತ್ರೆ, ಹಾಲು, ಸೀಮೆಎಣ್ಣೆ ಎಲ್ಲವೂ ಅದರ ಮೇಲೆಯೇ ಬಂದವು. ಅಂಥ ಹೊತ್ತಲ್ಲೇ ಹಿಂದಿನ ಬ್ರೇಕಿನಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಶುರುವಾಯಿತು. ಕೆಂಪು ಮಣ್ಣಿನ ಕೆಸರಿನಲ್ಲಿರುವ ಸಣ್ಣ ಮರಳು ಬ್ರೇಕ್ ಪ್ಯಾಡನ್ನು ಉಪ್ಪುಕಾಗದದ ಹಾಗೆ ತಿಂದು ಹಾಕುತ್ತದೆ, ಅದು ನನಗೆ ಆಗ ಗೊತ್ತಿರಲಿಲ್ಲ. ಸರ್ವಿಸ್ ಸೆಂಟರ್ ಇದ್ದದ್ದು ಚಿಕ್ಕಮಗಳೂರಿನಲ್ಲಿ, ದಾರಿಯಲ್ಲಿ ಮರಗಳು ಬಿದ್ದಿದ್ದವು. ಒಂಬತ್ತು ದಿನ ಗಾಡಿ ಕೊಟ್ಟಿಗೆಯಲ್ಲಿ ನಿಂತಿತು. ಗಾಡಿ ಅತ್ಯಂತ ಬೇಕಾಗಿದ್ದ ಒಂಬತ್ತು ದಿನ.

ಆಗ ಅಪ್ಪ ಒಳಗಿನಿಂದ ತಮ್ಮ ಕಬ್ಬಿಣದ ಡಬ್ಬಿ ತಂದಿಟ್ಟರು. ಅವರದು ಯೆಜ್ಡಿ ಕಾಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ, ಗೇರು ಹಾಕುವ ಕೋಲನ್ನೇ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆಯುವಂಥದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಪ್ಪನ ಗಾಡಿಯೂ ಹೋಯಿತು, ಪಾನಾಗಳು ಉಳಿದಿದ್ದವು. ಪ್ಲಗ್ ತೆಗೆಯುವುದು, ಪಾಯಿಂಟ್ ಉಜ್ಜುವುದು, ಸೈಲೆನ್ಸರಿನ ಮಸಿ ತೆಗೆಯುವುದು ಎಲ್ಲವನ್ನೂ ಅವರ ಕಾಲದವರು ಮನೆ ಅಂಗಳದಲ್ಲೇ ಮಾಡುತ್ತಿದ್ದರು. “ಬಿಚ್ಚಿ ನೋಡು, ಅದೇನು ಹಾರ್ಟ್ ಆಪರೇಷನ್ನಾ?” ಎಂದರು. ಅವತ್ತು ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಬಿಚ್ಚಿದ್ದೇ ನನ್ನ ಮೊದಲ ಕೆಲಸ. ಈಗ ಸೀಟಿನಡಿ ಒಂದು ಜೊತೆ ಪ್ಯಾಡ್ ಯಾವಾಗಲೂ ಇರುತ್ತದೆ.

ಪಾನಾ ಎಂದೆ. ರಾಶಿ ರಾಶಿ ಬೇಡ. 8, 10, 12, 14, 17ರ ರಿಂಗ್ ಪಾನಾ, ಚಕ್ರದ ಆಕ್ಸಲ್ ನಟ್ಟಿಗೆ ಸರಿಯಾಗಿ ಕೂರುವ ಸಾಕೆಟ್ಟು, ಅಲೆನ್ ಕೀಗಳು, ಒಳ್ಳೆಯ ಸ್ಕ್ರೂ ಡ್ರೈವರು, ಟೈರ್ ಲಿವರ್ ಎರಡು. ಆಮೇಲೆ ಸಾಧ್ಯವಾದರೆ, ಎಷ್ಟು ಬೇಕೋ ಅಷ್ಟೇ ಬಿಗಿಯಲು ಒಂದು ಟಾರ್ಕ್ ವ್ರೆಂಚು. ಎಂಜಿನ್ನಿನ ತಳದ ಆಯಿಲ್ ಬೋಲ್ಟು ಕೂರುವುದು ಅಲ್ಯೂಮಿನಿಯಂ ಮೈಯಲ್ಲಿ. ಕೈಬಲ ತೋರಿಸಿದರೆ ಬೋಲ್ಟು ಕೂರುವ ತಿರುಪಿನ ಗೆರೆಗಳೇ ಕಿತ್ತುಹೋಗುತ್ತವೆ. ಈ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲ. ನಾನು ಒಂದು ಸಿಲ್ವರ್ ಓಕ್ ಬೊಡ್ಡೆಯನ್ನು ಎತ್ತರಕ್ಕೆ ಸರಿಯಾಗಿ ಕೊಯ್ಸಿ, ಮೇಲೆ ಗೋಣಿಚೀಲ ಸುತ್ತಿ ಎಂಜಿನ್ನಿನ ಕೆಳಗೆ ಕೊಡುತ್ತೇನೆ. ಹ್ಯಾಂಡಲ್ಲಿಗೆ ಒಂದು ಹಗ್ಗ ಹಾಕಿ ಕೊಟ್ಟಿಗೆಯ ತೊಲೆಗೆ ಬಿಗಿದರೆ ಗಾಡಿ ಅಲ್ಲಾಡುವುದಿಲ್ಲ.

ಚೈನಿನ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ದುಡ್ಡು ಖರ್ಚಾದದ್ದು ಅದರಲ್ಲೇ, ಹೊಸಬರೆಲ್ಲ ತಪ್ಪುವುದೂ ಅಲ್ಲೇ. ಎರಡನೇ ವರ್ಷ ನಾನು ಗಾಡಿಯನ್ನು ಬೊಡ್ಡೆಯ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ಗಾಳಿಯಲ್ಲಿ ನೇತಾಡುವಾಗ ಚೈನು ಬಿಗಿ ಮಾಡಿದೆ. ಸದ್ದಿಲ್ಲ, ಜೋಲಿಲ್ಲ, ನೋಡಲು ಚೆಂದ. ಅದೇ ಗಾಡಿಯಲ್ಲಿ ಹಿಂದೆ ತಮ್ಮನನ್ನು ಕೂರಿಸಿಕೊಂಡು ಮೆಣಸಿನ ಮೂಟೆ ಸಾಗಿಸಿದೆ. ಎರಡು ತಿಂಗಳಿಗೆ, ಚೈನು ಎಳೆಯುವ ಮುಂದಿನ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಿಂದಿನಿಂದ ಆಯಿಲ್ ಒಸರತೊಡಗಿತು. ಎಣ್ಣೆ ತಡೆಯುವ ರಬ್ಬರ್ ಸೀಲು ಹೋಗಿತ್ತು, ಒಳಗೆ ಗೇರ್ ಶಾಫ್ಟಿನ ಬೇರಿಂಗೂ ಆಡುತ್ತಿತ್ತು. ಬೇರಿಂಗಿಗಾಗಿ ಎಂಜಿನ್ ಎರಡು ಹೋಳು ಮಾಡಿಸಬೇಕಾಯಿತು.

ಆದದ್ದು ಇಷ್ಟು. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಒಂದು ಕೀಲನ್ನು ಆಧರಿಸಿ ಮೇಲೆ ಕೆಳಗೆ ಆಡುತ್ತದೆ. ಆ ಕೀಲು ಇರುವುದು ಮುಂದಿನ ಸ್ಪ್ರಾಕೆಟ್ಟಿಗಿಂತ ಸ್ವಲ್ಪ ಹಿಂದೆ. ಚಕ್ರ ಮೇಲೇರುತ್ತ ಬಂದ ಹಾಗೆ ಸ್ಪ್ರಾಕೆಟ್ಟಿನಿಂದ ಆಕ್ಸಲ್ಲಿಗಿರುವ ದೂರ ಹೆಚ್ಚುತ್ತದೆ. ಸ್ಪ್ರಾಕೆಟ್ಟು, ಕೀಲು, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಆ ದೂರ ಅತಿ ಹೆಚ್ಚು, ಆಗಲೇ ಚೈನು ಅತಿ ಬಿಗಿ. ಊರು ಸುತ್ತುವ ಸಾಮಾನ್ಯ ಬೈಕಿನಲ್ಲಿ ಚಕ್ರ ಅಷ್ಟೊಂದು ಆಡುವುದಿಲ್ಲ. ಈ ಗಾಡಿಯ ಹಿಂದಿನ ಸಸ್ಪೆನ್ಷನ್ 170 ಮಿ.ಮೀ. ಆಡುತ್ತದೆ, ಹಾಗಾಗಿ ಬಿಗಿಯಲ್ಲೂ ವ್ಯತ್ಯಾಸ ಜಾಸ್ತಿ. ಖಾಲಿ ಗಾಡಿಯಲ್ಲಿ ‘ಸರಿ’ ಕಂಡ ಚೈನು ಭಾರ ಬಿದ್ದಾಗ ತಂತಿಯಂತೆ ಬಿಗಿದು, ಪ್ರತಿ ಗುಂಡಿಗೂ ಗೇರ್ ಶಾಫ್ಟನ್ನು ಹಿಡಿದೆಳೆಯುತ್ತದೆ. ಈಗ ಕೈಪಿಡಿಯಲ್ಲಿ ಹೇಳಿದಷ್ಟು ಸಡಿಲ ಇಟ್ಟು, ಆಮೇಲೆ ಮನೆಯವರಿಬ್ಬರನ್ನು ಸೀಟಿನ ಮೇಲೆ ಕೂರಿಸಿ ಮತ್ತೊಮ್ಮೆ ಬೆರಳಲ್ಲಿ ಎತ್ತಿ ನೋಡುತ್ತೇನೆ. ಆಗಲೂ ಸ್ವಲ್ಪ ಜೋಲು ಇರಲೇಬೇಕು. ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ, ಚಕ್ರ ತಿರುಗಿಸಿ ಅತಿ ಬಿಗಿಯಾದ ಜಾಗದಲ್ಲೇ ನೋಡಬೇಕು.

ತೊಳೆಯಲು ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಶ್ಶು. ಎಣ್ಣೆ ಹಾಕಲು 90 ನಂಬರ್ ಗೇರ್ ಆಯಿಲ್. ಕೊಂಡಿಗಳ ನಡುವೆ ರಬ್ಬರ್ ಬಳೆಯಿರುವ ಓ-ರಿಂಗ್ ಚೈನಾದರೆ ಪೆಟ್ರೋಲ್ ಮುಟ್ಟಿಸಬೇಡಿ, ರಬ್ಬರು ಹಾಳಾಗುತ್ತದೆ. ಎಂಜಿನ್ ಆನ್ ಮಾಡಿ ಗೇರಿಗೆ ಹಾಕಿ ಚೈನು ಒರೆಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬೆರಳು ಹೋಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಕಿಲೋಮೀಟರ್ ಲೆಕ್ಕದ ಸರ್ವಿಸ್ ಚಾರ್ಟು ನಮ್ಮ ಕಡೆಗೆ ಅಷ್ಟಾಗಿ ಹೊಂದುವುದಿಲ್ಲ. ನಾನು ಮಳೆ ನಕ್ಷತ್ರದ ಲೆಕ್ಕ ಇಟ್ಟುಕೊಂಡಿದ್ದೇನೆ. ರೋಹಿಣಿ ಮಳೆ ಮುಗಿಯುವುದರೊಳಗೆ ಸ್ವಿಂಗ್ ಆರ್ಮ್ ಮತ್ತು ಹ್ಯಾಂಡಲ್ ಬೇರಿಂಗಿಗೆ ಗ್ರೀಸು, ಕೇಬಲ್ಲುಗಳಿಗೆ ಎಣ್ಣೆ, ಹೊಸ ಬ್ರೇಕ್ ಪ್ಯಾಡು. ಆರಿದ್ರಾದಿಂದ ಆಶ್ಲೇಷದವರೆಗೆ ವಾರಕ್ಕೊಮ್ಮೆ ಚೈನು, ವಾರಕ್ಕೊಮ್ಮೆ ಕಡ್ಡಿ. ಕಡ್ಡಿ ನೋಡುವುದು ಸುಲಭ, ಪಾನಾದಿಂದ ಒಂದೊಂದನ್ನೇ ಮೆಲ್ಲಗೆ ತಟ್ಟುತ್ತ ಚಕ್ರ ತಿರುಗಿಸಿ. ಟಿಣ್ ಟಿಣ್ ಎನ್ನುವ ಸಾಲಿನಲ್ಲಿ ಒಂದು ದಬ್ ಎಂದರೆ ಅದು ಸಡಿಲ. ಒಂದೇ ಸಲಕ್ಕೆ ಪೂರ್ತಿ ಬಿಗಿಯಬೇಡಿ, ಕಾಲು ಸುತ್ತು ಸಾಕು, ಹೆಚ್ಚಾದರೆ ರಿಮ್ಮು ಸೊಟ್ಟಗಾಗುತ್ತದೆ.

ಜನವರಿಯಿಂದ ಮಾರ್ಚ್‌ವರೆಗೆ ತೋಟದ ದಾರಿಯಲ್ಲಿ ಕಾಲು ಮುಳುಗುವಷ್ಟು ಧೂಳು. ಆಗ ಏರ್ ಫಿಲ್ಟರಿನ ಕಡೆ ಕಣ್ಣಿರಲಿ. ಎಣ್ಣೆ ಸವರಿದ ಪೇಪರ್ ಫಿಲ್ಟರಾದರೆ ಅದನ್ನು ತೊಳೆಯಲೂಬಾರದು, ಗಾಳಿ ಹೊಡೆಸಲೂಬಾರದು, ಬದಲಿಸಬೇಕು. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಸೀಲಿನಿಂದ ಎಣ್ಣೆ ಒಸರಿದರೆ ಕೂಡಲೇ ಸೀಲು ಹೋಯಿತು ಎಂದು ತೀರ್ಮಾನಿಸಬೇಡಿ. ಎಷ್ಟೋ ಸಲ ಮಣ್ಣಿನ ಕಣ ಸಿಕ್ಕಿಕೊಂಡಿರುತ್ತದೆ. ಮನೆಯಲ್ಲಿ ಹಳೆಯ ಕ್ಯಾಮೆರಾ ರೀಲಿನ ನೆಗೆಟಿವ್ ಇದ್ದರೆ ಒಂದು ತುಂಡು ಕತ್ತರಿಸಿ, ಸೀಲಿನ ಸಂದಿಗೆ ತೂರಿಸಿ ಸುತ್ತಲೂ ಎಳೆಯಿರಿ. ಕಣ ಹೊರಗೆ ಬಂದು ಒಸರುವುದು ನಿಂತದ್ದನ್ನು ನಾನು ಮೂರು ಸಲ ನೋಡಿದ್ದೇನೆ. ಅಕ್ಕನ ಮದುವೆಯ ನೆಗೆಟಿವ್‌ಗಳಲ್ಲಿ ಒಂದು ಪಟ್ಟಿ ಈಗ ನನ್ನ ಪಾನಾ ಡಬ್ಬಿಯಲ್ಲಿದೆ, ಅಕ್ಕನ ಒಪ್ಪಿಗೆ ಪಡೆದೇ.

ಇನ್ನು ಹಾಕಿಸುವ ಮಾತು. ಒಂದು ಮಳೆಗಾಲ ಕಳೆದ ಮೇಲೆ ಏನು ಬೇಕು ಎನ್ನುವುದನ್ನು ದಾರಿಯೇ ಹೇಳಿತು. ಜಾವಳಿ ಕಡೆಯ ಒಂದು ಜಾರಿನಲ್ಲಿ ಬಿದ್ದು ಕ್ಲಚ್ ಲಿವರ್ ಮುರಿದ ಮೇಲೆ ಒಳಗೆ ಅಲ್ಯೂಮಿನಿಯಂ ಪಟ್ಟಿ ಇರುವ ಹ್ಯಾಂಡ್ ಗಾರ್ಡ್ ಹಾಕಿದೆ. ಮನೆ ಏರಿನಲ್ಲಿ ಭಾರ ಹೊತ್ತು ಒಂದನೇ ಗೇರಿನಲ್ಲೂ ಕ್ಲಚ್ ಹಿಡಿಯಬೇಕಾಗುತ್ತಿತ್ತು. ಮುಂದಿನ 13 ಹಲ್ಲಿನ ಸ್ಪ್ರಾಕೆಟ್ ತೆಗೆದು 12 ಹಲ್ಲಿನದು ಹಾಕಿದೆ. ಎಳೆಯುವ ಬಲ ಶೇಕಡಾ 8ರಷ್ಟು ಹೆಚ್ಚಿತು, ಹೆದ್ದಾರಿಯಲ್ಲಿ ಅಷ್ಟೇ ವೇಗ ಕಡಿಮೆಯಾಯಿತು. ಚೈನು ಸಣ್ಣ ಸುತ್ತಿನಲ್ಲಿ ಬಾಗುವುದರಿಂದ ಬೇಗ ಸವೆಯುತ್ತದೆ ಕೂಡ. ನನ್ನ ಓಡಾಟಕ್ಕೆ ಅದು ಒಪ್ಪುತ್ತದೆ, ದಿನಾ ಹಾಸನಕ್ಕೆ ಹೋಗಿಬರುವವರಿಗೆ ಒಪ್ಪುವುದಿಲ್ಲ. ಗೆಳೆಯರ ಮಾತು ಕೇಳಿ ಹಾಕಿಸಿದ್ದ ಎರಡು ಲೈಟುಗಳನ್ನು ಆರೇ ತಿಂಗಳಿಗೆ ತೆಗೆದೆ. ಮಂಜಿನಲ್ಲಿ ಬೆಳಕು ನನ್ನ ಮುಖಕ್ಕೇ ವಾಪಸು ಬರುತ್ತಿತ್ತು, ಎದುರು ಬರುವ ಬಸ್ಸಿನ ಡ್ರೈವರಿಗೂ ಕಣ್ಣು ಕೋರೈಸುತ್ತಿತ್ತು.

ಕಂಪನಿಯೇ 2020ರಲ್ಲಿ 38,000 ರೂಪಾಯಿಗೆ ರ‍್ಯಾಲಿ ಕಿಟ್ ತಂದಿತ್ತು. ಮುಂದೆ 190 ಮಿ.ಮೀ. ಆಡುತ್ತಿದ್ದ ಸಸ್ಪೆನ್ಷನ್ 250 ಆಗುತ್ತದೆ, ಹಿಂದೆ 170 ಇದ್ದದ್ದು 220. ರೇಸಿಗೆ ಇಳಿಯುವವರಿಗೆ ಅದು ಚಿನ್ನದಂಥದು. ಮೂಟೆ ಹೊರುವ, ಅಮ್ಮನನ್ನು ಹಿಂದೆ ಕೂರಿಸಿಕೊಳ್ಳುವ ನನಗೆ ಆ ಎತ್ತರ ಬೇಡ. ಸದ್ದಿನ ಸೈಲೆನ್ಸರ್ ಬಗ್ಗೆ ಮಾತ್ರ ನಾನು ಖಡಾಖಂಡಿತ: ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾನೂನು ಹಾಗಿರಲಿ, ನಸುಕಿನಲ್ಲಿ ಮೂರು ತೋಟ ದಾಟಿ ಕೇಳುವ ಸದ್ದು ಮಾಡಿಕೊಂಡು ಹೋಗುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಮನೆಯಲ್ಲಿ ನಾನು ಮುಟ್ಟದ ಕೆಲಸಗಳೂ ಇವೆ. ಹಿಂದಿನ ಒಂಟಿ ಶಾಕ್ ಅಬ್ಸಾರ್ಬರ್ ಆದ ಮಾನೋಶಾಕ್ ಬಿಚ್ಚುವುದಿಲ್ಲ, ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ಘಟಕಕ್ಕೆ ಕೈ ಹಾಕುವುದಿಲ್ಲ, ಎಂಜಿನ್ ಹೋಳು ಮಾಡುವುದಿಲ್ಲ. ಮೂಡಿಗೆರೆಯ ಮೆಕ್ಯಾನಿಕ್ ಒಬ್ಬರಿದ್ದಾರೆ, ನಾನು ಪಕ್ಕದಲ್ಲಿ ನಿಂತು ನೋಡಿದರೆ ಬೇಡ ಅನ್ನುವುದಿಲ್ಲ. ಕಲಿತದ್ದರಲ್ಲಿ ಅರ್ಧ ಅವರಿಂದಲೇ.

ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿ ರೇಸು ನೋಡುವವರಿಗೆ ಗೊತ್ತಿರುತ್ತದೆ, 2015ರಲ್ಲಿ ಅದನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ ನಮ್ಮವರೇ ಆದ ಸಿ.ಎಸ್. ಸಂತೋಷ್. 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಮುಗಿಸಿದರು. ಆ ರ‍್ಯಾಲಿಯಲ್ಲಿ ‘ಮಾಲ್ ಮೋಟೋ’ ಎಂಬ ಒಂದು ವಿಭಾಗವಿದೆ. ಅದರಲ್ಲಿ ಸವಾರನಿಗೆ ಮೆಕ್ಯಾನಿಕ್ ಇಲ್ಲ. ಹಗಲೆಲ್ಲ ನೂರಾರು ಕಿಲೋಮೀಟರ್ ಓಡಿಸಿ, ರಾತ್ರಿ ತನ್ನ ಒಂದು ಪೆಟ್ಟಿಗೆಯಲ್ಲಿರುವ ಸಾಮಾನಿನಿಂದ ತಾನೇ ಟೈರು ಬದಲಿಸಿ, ಆಯಿಲ್ ಬದಲಿಸಿ ಮಲಗಬೇಕು. ಗೆದ್ದವರ ಹೆಸರಿಗಿಂತ ನನಗೆ ಅವರನ್ನು ಕಂಡರೆ ಹೆಚ್ಚು ಅಭಿಮಾನ.

ಹೋದ ಭಾನುವಾರ ಚಿಕ್ಕಪ್ಪನ ಮಗ ಹೊಸ ಗಾಡಿ ತಂದಿದ್ದ. ಪಟ್ಟಿಯೂ ಇತ್ತು. ಮೊದಲು ಹಿಂದಿನ ಟೈರು ತೆಗಿ ಎಂದೆ. ಟ್ಯೂಬಿನ ಟೈರು ನಮ್ಮಂಥ ಕಡೆಗೆ ಒಳ್ಳೆಯದೇ, ಪಂಕ್ಚರಾದರೆ ಕಾಫಿ ಗಿಡದ ನೆರಳಲ್ಲಿ ಕೂತು ಪ್ಯಾಚ್ ಹಾಕಬಹುದು. ದೂರ ಹೋಗುವಾಗ 21 ಇಂಚಿನ ಒಂದು ಟ್ಯೂಬು ಇದ್ದರೆ ಸಾಕು, ಕಷ್ಟಕಾಲಕ್ಕೆ ಹಿಂದಿನ ಚಕ್ರದಲ್ಲೂ ಕೂರಿಸಿ ಮನೆ ಸೇರಬಹುದು. ಗಾಳಿ ಮಾತ್ರ ತೀರಾ ಇಳಿಸಬಾರದು, ರಿಮ್ಮಿನೊಳಗೆ ಟೈರು ಜಾರಿ ವಾಲ್ವಿನ ಬುಡ ಕಿತ್ತುಬರುತ್ತದೆ. ಇದನ್ನೆಲ್ಲ ಹೇಳುತ್ತ ಪಕ್ಕದಲ್ಲಿ ಕೂತೆ, ಕೈ ಹಾಕಲಿಲ್ಲ. ಟೈರಿನ ಅಂಚು ರಿಮ್ಮು ಬಿಡಲೊಲ್ಲದು. ಚಕ್ರವನ್ನು ನೆಲಕ್ಕೆ ಮಲಗಿಸಿ, ನನ್ನ ಗಾಡಿಯ ಸೈಡ್ ಸ್ಟ್ಯಾಂಡನ್ನು ಅಂಚಿನ ಮೇಲೆ ಇಡಿಸಿ ಗಾಡಿ ವಾಲಿಸಲು ಹೇಳಿದೆ. ಪಟ್ ಎಂದು ಬಿಟ್ಟಿತು. ಸೋಪಿನ ನೀರು ಹಚ್ಚಿ, ಲಿವರ್ ಹಾಕಿ, ಟ್ಯೂಬು ಹೊರಗೆ ತೆಗೆದು ಮತ್ತೆ ಕೂರಿಸುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ. ಟ್ಯೂಬಿಗೆ ಲಿವರ್ ತಾಗಿ ಒಂದು ತೂತೂ ಆಗಿತ್ತು, ಅದಕ್ಕೂ ಅವನೇ ಪ್ಯಾಚ್ ಹಾಕಿದ.

ಕಾಫಿ ಕುಡಿದ ಮೇಲೆ ಇನ್ನೊಮ್ಮೆ ತೆಗೆಯಲು ಹೇಳಿದೆ. ಈ ಸಲ ಮೂವತ್ತೈದು ನಿಮಿಷ.

“ಅಣ್ಣಯ್ಯಾ, ಪಟ್ಟಿ?” ಅಂದ, ಕೈಯ ಮಸಿ ಒರೆಸಿಕೊಳ್ಳುತ್ತ.

“ಮುಂದಿನ ಚಕ್ರ ಬಾಕಿ ಇದೆ” ಅಂದೆ.