ಒಂದೂವರೆ ನಿಮಿಷದ ಪೆನ್ಸಿಲ್ ಪರೀಕ್ಷೆಯೂ ಮೂರು ಟೆಸ್ಲಾ ಸ್ಕ್ಯಾನರೂ

2016ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ತಂಡ ಸ್ಕಿಜೋಫ್ರೀನಿಯಾ (ಇಲ್ಲದ ದನಿಗಳು ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆ) ಇರುವ 2,028 ಜನರ ಮತ್ತು ಇಲ್ಲದ 2,540 ಜನರ ಎಂಆರ್‌ಐಗಳನ್ನು ಒಟ್ಟುಗೂಡಿಸಿ ಮಿದುಳಿನ ಒಳಭಾಗಗಳನ್ನು ಅಳೆಯಿತು. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ. ಅದೂ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಷನ್‌ಗಿಂತ (ಸರಾಸರಿಯ ಸುತ್ತ ಅಳತೆಗಳು ಎಷ್ಟು ಚದುರಿವೆ ಎಂದು ಹೇಳುವ ಮಾನಕ್ಕಿಂತ) ಕಡಿಮೆ, 0.46. ಎರಡು ಗುಂಪುಗಳ ಗ್ರಾಫ್ ಬಿಡಿಸಿದರೆ ಶೇಕಡ 80ರಷ್ಟು ಒಂದರ ಮೇಲೊಂದು ಬೀಳುತ್ತದೆ. ಇನ್ನೊಂದೆಡೆ, ಅಂಕಿ-ಗುರುತು ಪರೀಕ್ಷೆ ಬಳಸಿದ ಅಧ್ಯಯನಗಳನ್ನು 2007ರಲ್ಲಿ ಒಟ್ಟಿಗೆ ವಿಶ್ಲೇಷಿಸಿದಾಗ ಅದೇ ಮಾನದಲ್ಲಿ ವ್ಯತ್ಯಾಸ 1.57 ಬಂತು. ಬೇಕಾಗಿದ್ದದ್ದು ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಸ್ಟಾಪ್‌ವಾಚ್.

ಸ್ಕ್ಯಾನ್ ಬೇಡ ಅಂತಲ್ಲ. ಮೇಜಿನ ಮೇಲಿನ ಪರೀಕ್ಷೆ ಸರಿಯಾಗಿ ಆಗದಿದ್ದರೆ ಸ್ಕ್ಯಾನರ್ ಕೊಡುವ ಬಣ್ಣದ ಚಿತ್ರವನ್ನು ಓದುವ ದಾರಿಯೇ ಇರುವುದಿಲ್ಲ.

ಆ ಹಾಳೆಯನ್ನೇ ನೋಡೋಣ. ಮೇಲಿನ ಸಾಲಿನಲ್ಲಿ 1ರಿಂದ 9ರವರೆಗಿನ ಅಂಕಿಗಳು, ಒಂದೊಂದರ ಕೆಳಗೆ ಒಂದೊಂದು ಗುರುತು. ಕೆಳಗಿನ ಸಾಲುಗಳಲ್ಲಿ ಅಂಕಿಗಳು ಮಾತ್ರ. 90 ಅಥವಾ 120 ಸೆಕೆಂಡಿನಲ್ಲಿ ಎಷ್ಟು ಮನೆ ತುಂಬಿದರೋ ಅಷ್ಟು ಅಂಕ. ಎಡವುವುದು ಸಣ್ಣ ಸಣ್ಣ ಕಡೆ. ಕೆಲವರು ಮೊದಲು 3ಗಳನ್ನೆಲ್ಲ ತುಂಬಿ, ಆಮೇಲೆ 5ಗಳನ್ನು ಹಿಡಿಯುತ್ತಾರೆ. ಅಭ್ಯಾಸದ ಮನೆಗಳಲ್ಲೇ ಇದನ್ನು ಗಮನಿಸಿ, ಸಾಲು ಬಿಡದೆ ಬರೆಯಬೇಕೆಂದು ತಿದ್ದಬೇಕು. ಔಷಧಿಯಿಂದ ಕೈ ಬಿಗಿದಿದ್ದರೆ ಯೋಚನೆ ಚುರುಕಾಗಿದ್ದರೂ ಬರವಣಿಗೆ ನಿಧಾನ. ಹಾಗಾಗಿ ಗುರುತುಗಳನ್ನು ಬರೀ ನಕಲು ಮಾಡುವ ಇನ್ನೊಂದು ಹಾಳೆಯನ್ನೂ ಕೊಟ್ಟು ವೇಗ ಅಳೆಯಿರಿ. ಅದರಲ್ಲೂ ಅಷ್ಟೇ ಹಿಂದುಳಿದರೆ ತೊಡಕು ಇರುವುದು ಕೈಯಲ್ಲಿ. ಪೆನ್ಸಿಲ್ ಹಿಡಿದೇ ವರ್ಷಗಳಾದವರಿಗೂ ಇದೇ ಮಾತು.

ಬಿಗಿತಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ನೆನಪಿನ ಪರೀಕ್ಷೆಗಳನ್ನು ಕೆಡಿಸುತ್ತದೆ. ಮುಖ್ಯ ಔಷಧಿಯ ಡೋಸ್ ಬರೆದುಕೊಂಡು ಇದನ್ನು ಬಿಟ್ಟುಬಿಡಬೇಡಿ. ಮುಖ್ಯ ಔಷಧಿಗಳನ್ನು ಒಂದೇ ಅಳತೆಗೆ ತರಲು 100 ಮಿಲಿಗ್ರಾಂ ಕ್ಲೋರ್‌ಪ್ರೊಮಜಿನ್‌ಗೆ ಸುಮಾರು 2 ಮಿಲಿಗ್ರಾಂ ರಿಸ್ಪೆರಿಡೋನ್ ಅಥವಾ 5 ಮಿಲಿಗ್ರಾಂ ಒಲಾಂಜಪಿನ್ ಸಮ ಎಂದು ಲೆಕ್ಕ ಹಾಕುವುದು ರೂಢಿ. ಬೀಡಿ-ಸಿಗರೇಟು, ಕಾಫಿ ಕೊನೆಯ ಬಾರಿ ಯಾವಾಗ ಅಂತಲೂ ಕೇಳಿ. ಕೆಫೀನ್ ಮಿದುಳಿನ ರಕ್ತಸಂಚಾರವನ್ನು ಇಳಿಸುತ್ತದೆ, ಎಫ್‌ಎಂಆರ್‌ಐ (ಮಿದುಳು ಕೆಲಸ ಮಾಡುವಾಗಿನ ಚಟುವಟಿಕೆ ನೋಡುವ ಸ್ಕ್ಯಾನ್) ಅಳೆಯುವುದು ರಕ್ತದ ಆಮ್ಲಜನಕವನ್ನೇ.

ಭಾಷೆಯ ವಿಷಯವೂ ಇದೆ. ಅಂಕಿಗಳನ್ನು ಕೇಳಿಸಿಕೊಂಡು ಮತ್ತೆ ಹೇಳುವ ಪರೀಕ್ಷೆಯಲ್ಲಿ ಇಂಗ್ಲಿಷಿನ ಒಂದರಿಂದ ಒಂಬತ್ತರವರೆಗಿನ ಹೆಸರುಗಳಲ್ಲಿ ‘ಸೆವೆನ್’ ಬಿಟ್ಟರೆ ಎಲ್ಲವೂ ಒಂದೇ ಉಸಿರಿನ ತುಂಡುಗಳು. ನಮ್ಮಲ್ಲಿ ಎರಡಕ್ಕಿಂತ ಕಡಿಮೆ ಅಕ್ಷರದ ಅಂಕಿಯೇ ಇಲ್ಲ. ಎರಡು, ಒಂಬತ್ತು ಮೂರಕ್ಕೆ ಹೋಗುತ್ತವೆ. ಉದ್ದದ ಪದ ತಲೆಯಲ್ಲಿ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಅಮೆರಿಕದ ಸರಾಸರಿ ಪಟ್ಟಿಯ ಪಕ್ಕ ಕನ್ನಡದಲ್ಲಿ ಪರೀಕ್ಷೆಯಾದವರ ಅಂಕ ಇಡುವುದು ನ್ಯಾಯವಲ್ಲ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆಯಲ್ಲಿ ವಯಸ್ಸು, ಲಿಂಗ, ಓದು ಮೂರನ್ನೂ ನೋಡಿ ಇಲ್ಲಿಯವರದೇ ಸರಾಸರಿ ಕೊಟ್ಟಿರುವುದು ಇದಕ್ಕೇ.

ಇನ್ನು ಸ್ಕ್ಯಾನರ್. ಟೆಸ್ಲಾ ಅನ್ನುವುದು ಅದರ ಅಯಸ್ಕಾಂತದ ಬಲದ ಅಳತೆ. ಮೂಗುತಿ, ಕಾಲುಂಗುರ, ಹೇರ್‌ಪಿನ್, ಜರಿ ಸೀರೆ ಎಲ್ಲ ಹೊರಗೆ. ಇಯರ್‌ಪ್ಲಗ್ ಕೊಟ್ಟು, ತಲೆಯ ಇಕ್ಕೆಲಕ್ಕೆ ಫೋಮ್ ತುಂಬಿ, ಹಿಚುಕಿ ಸಿಬ್ಬಂದಿಯನ್ನು ಕರೆಯುವ ರಬ್ಬರ್ ಬಲ್ಬನ್ನು ಕೈಗೆ ಕೊಡಿ. ಇಷ್ಟು ಎಲ್ಲರಿಗೂ ಗೊತ್ತು. ಹೆಚ್ಚಿನವರು ಮರೆಯುವುದು ಹೆಡ್‌ಫೋನನ್ನು. ಯಾರಿಗೂ ಕೇಳದ ದನಿಗಳು ಕೇಳುವ ವ್ಯಕ್ತಿಯ ಕಿವಿಯಲ್ಲಿ ಕೊಳವೆಯೊಳಗೆ ಏಕಾಏಕಿ ಯಾರೋ ಮಾತಾಡಿದರೆ ಹೇಗಿರಬೇಡ! ಮಾತಾಡುವವರು ಮೊದಲೇ ಎದುರು ನಿಂತು ಹೆಸರು ಹೇಳಿ, ಪ್ರತಿ ಸಲವೂ ಅದೇ ಹೆಸರಿನಿಂದ ಶುರುಮಾಡಲಿ. ಯಂತ್ರದ ಟಕಟಕ ಸದ್ದಿನ ರೆಕಾರ್ಡಿಂಗ್ ಹೊರಗೇ ಕೇಳಿಸಿ.

ಒಳಗೆ ಸಾಮಾನ್ಯವಾಗಿ ಮಾಡಿಸುವುದು 2-ಬ್ಯಾಕ್: ಪರದೆಯ ಮೇಲೆ ಒಂದೊಂದೇ ಅಕ್ಷರ ಬರುತ್ತದೆ, ಎರಡು ಹಿಂದಿನದೇ ಮತ್ತೆ ಬಂದರೆ ಗುಂಡಿ ಒತ್ತಬೇಕು. ಹೋಲಿಕೆಗೆ 0-ಬ್ಯಾಕ್, ಅಂದರೆ ಗೊತ್ತುಮಾಡಿದ ಅಕ್ಷರ ಕಂಡರೆ ಒತ್ತುವುದು. 30 ಅಕ್ಷರಗಳಲ್ಲಿ 10 ಗುರಿ ಎಂದಿಟ್ಟುಕೊಳ್ಳಿ. ಏನನ್ನೂ ಒತ್ತದೆ ನಿದ್ದೆ ಹೊಡೆದವರಿಗೂ 20 ಸರಿ, ಶೇಕಡ 67! ಹೀಗಾಗಿ ‘ಶೇಕಡ ಸರಿ’ ಎಂಬ ಲೆಕ್ಕ ಬೇಡ. ಸರಿಯಾಗಿ ಒತ್ತಿದ್ದು ಮತ್ತು ತಪ್ಪಾಗಿ ಒತ್ತಿದ್ದು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಡಿ-ಪ್ರೈಮ್ ಎಂಬ ಅಂಕ ಬಳಸಿ. ಸೊನ್ನೆ ಬಂದಲ್ಲಿ ಲೆಕ್ಕ ಮುರಿಯದಂತೆ ಎಣಿಕೆಗಳಿಗೆ 0.5, ಒಟ್ಟು ಸಂಖ್ಯೆಗೆ 1 ಕೂಡಿಸಿ. ಆ ಅಂಕ ಊಹೆಯ ಮಟ್ಟದಲ್ಲಿದ್ದರೆ ಮುಂಭಾಗದ ಮಿದುಳಿನಲ್ಲಿ ಚಟುವಟಿಕೆ ತಗ್ಗಿತ್ತು ಎಂಬ ಫಲಿತಾಂಶಕ್ಕೆ ಅರ್ಥವೇ ಇಲ್ಲ, ಆ ವ್ಯಕ್ತಿ ಕೆಲಸವನ್ನೇ ಕೈಬಿಟ್ಟಿರಬಹುದು. ಸುಲಭ ಹಂತದಲ್ಲಿ ರೋಗಿಗಳ ಅದೇ ಜಾಗ ಉಳಿದವರಿಗಿಂತ ಹೆಚ್ಚು ದುಡಿಯುವುದೂ ಉಂಟು. ಒಂದೇ ಹಂತ ಇಟ್ಟು ‘ಹೆಚ್ಚು’ ‘ಕಡಿಮೆ’ ಎಂದು ಜಗಳವಾಡಿದ ಪ್ರಬಂಧಗಳು ಬೇಕಾದಷ್ಟಿವೆ. 0, 1, 2 ಮೂರೂ ಇರಲಿ.

ತಲೆಯ ಅಲುಗಾಟ ಇದಕ್ಕಿಂತ ಮೋಸದ್ದು. 2012ರಲ್ಲಿ ಬೇರೆಬೇರೆ ತಂಡಗಳು ತೋರಿಸಿಕೊಟ್ಟ ಹಾಗೆ, ಮಿಲಿಮೀಟರಿಗಿಂತ ಕಡಿಮೆ ಅಲುಗಾಟವೂ ದೂರದ ಭಾಗಗಳ ನಡುವಿನ ಸಂಪರ್ಕವನ್ನು ದುರ್ಬಲವಾಗಿಯೂ ಹತ್ತಿರದ್ದನ್ನು ಬಲವಾಗಿಯೂ ತೋರಿಸುತ್ತದೆ. ಸ್ಕಿಜೋಫ್ರೀನಿಯಾದಲ್ಲಿ ದೂರದ ಸಂಪರ್ಕ ಸಡಿಲ ಎಂಬುದು ಮೊದಲೇ ಇರುವ ಸಿದ್ಧಾಂತ. ರೋಗಿಗಳು ಸರಾಸರಿಯಲ್ಲಿ ಹೆಚ್ಚು ಅಲುಗುವವರೂ ಹೌದು. ಅಲುಗಾಟವೇ ಸಿದ್ಧಾಂತಕ್ಕೆ ಸಾಕ್ಷಿ ಹೇಳಿಬಿಡುತ್ತದೆ. ಒಂದು ಚಿತ್ರದಿಂದ ಮುಂದಿನದಕ್ಕೆ 0.5 ಮಿಲಿಮೀಟರಿಗಿಂತ ಹೆಚ್ಚು ಸರಿದ ಚಿತ್ರಗಳನ್ನು ತೆಗೆಯುವುದು ಒಂದು ಪರಿಹಾರ. ಆದರೆ ಅಲುಗಿದವರನ್ನೆಲ್ಲ ಕೈಬಿಟ್ಟರೆ ತೀವ್ರ ಕಾಯಿಲೆಯವರೇ ಹೊರಬಿದ್ದು, ಉಳಿದವರು ಆ ಕಾಯಿಲೆಯನ್ನು ಪ್ರತಿನಿಧಿಸುವುದಿಲ್ಲ. ಯಾವ ಗುಂಪಿನಿಂದ ಎಷ್ಟು ಜನರನ್ನು ಬಿಟ್ಟಿರಿ, ಅವರ ಪೆನ್ಸಿಲ್ ಪರೀಕ್ಷೆಯ ಅಂಕ ಎಷ್ಟಿತ್ತು ಎಂದು ಬರೆಯಲೇಬೇಕು.

ಹೋಲಿಕೆ ಗುಂಪನ್ನು ಆರಿಸುವಾಗಲೂ ಎಡವುವ ಒಂದು ಜಾಗ ಇದೆ. ಕಾಯಿಲೆ ಸಾಮಾನ್ಯವಾಗಿ ಹದಿಹರೆಯದ ಕೊನೆಗೋ ಇಪ್ಪತ್ತರ ಹರೆಯದಲ್ಲೋ ಶುರುವಾಗಿ ಓದನ್ನು ನಿಲ್ಲಿಸುತ್ತದೆ. ಪಿಯುಸಿಗೆ ನಿಂತ ರೋಗಿಗೆ ಪಿಯುಸಿಗೆ ನಿಂತ ಆರೋಗ್ಯವಂತನನ್ನು ಜೋಡಿಸಿದರೆ ಕಾಯಿಲೆಯ ಪರಿಣಾಮವನ್ನೇ ಅಳಿಸಿದಂತೆ. ಜೋಡಿಸಬೇಕಾದ್ದು ಅಪ್ಪ-ಅಮ್ಮನ ಓದಿನ ವರ್ಷಗಳನ್ನು.