ಪರದೆ ತುಂಬ ಕೆಂಪು ಗೆರೆ

ಎಫ್‌ಎಂ ಸ್ಟೇಷನ್‌ನಲ್ಲಿ ನನ್ನದು ಹಾಡು ಜೋಡಿಸುವ ಕೆಲಸ. ಮರುದಿನದ ಪಟ್ಟಿಯನ್ನು ಸಾಫ್ಟ್‌ವೇರ್ ಹೆಣೆಯುತ್ತೆ, ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುತ್ತೆ, ನಾನು ತಿದ್ದುತ್ತೇನೆ. ಜಾನಕಿಯಮ್ಮನ ಬೆನ್ನಿಗೇ ಚಿತ್ರಾ ಬಂದರೆ ಕೆಂಪು. ಮಧ್ಯೆ ಒಬ್ಬ ಎಸ್‌ಪಿಬಿಯನ್ನು ತುರುಕಿದರೆ ಸರಿಹೋಯಿತು. ಆದರೆ ಎಸ್‌ಪಿಬಿ ಬೆನ್ನಿಗೇ ರಾಜೇಶ್ ಕೃಷ್ಣನ್ ಬಂದರೆ ಅದು ತೆಪ್ಪಗಿರುತ್ತಿತ್ತು. ನಾಲ್ಕು ವರ್ಷ ಹೀಗೇ ತುರುಕಿದೆ, ಯಾಕೆ ಅಂತ ಒಮ್ಮೆಯೂ ಕೇಳಲಿಲ್ಲ.

ಒಂದು ಭಾನುವಾರ ರಾತ್ರಿ ವಿದೇಶಿ ಸಂಗೀತಕ್ಕೆ ಒಂದು ಗಂಟೆ ಕೊಟ್ಟರು. ಕಂಟ್ರಿ ಅನ್ನೋ ಹಳ್ಳಿಗಾಡಿನ ಸಂಗೀತ ಹಾಡುವ ಅಮೆರಿಕದ ತಂಡ ಡಿಕ್ಸಿ ಚಿಕ್ಸ್ (2020ರಿಂದ ಬರೀ ದಿ ಚಿಕ್ಸ್) ಆರಿಸಿಕೊಂಡೆ. ಹನ್ನೆರಡು ಹಾಡು ಹಾಕಿ ನೋಡಿದರೆ ಪರದೆ ಮೇಲೆ ಕುಂಕುಮ ಚೆಲ್ಲಿದ ಹಾಗಿತ್ತು! ಒಂದೇ ತಂಡ ಅನ್ನೋ ತಕರಾರನ್ನು ಮೊದಲೇ ಆಫ್ ಮಾಡಿದ್ದೆ. ಉಳಿದದ್ದು ಒಂದೇ: ಹೆಣ್ಣು ದನಿ, ಹೆಣ್ಣು ದನಿ, ಹೆಣ್ಣು ದನಿ.

ಆರ್‌ಜೆಗೆ ಮಾತು ಬರೆದುಕೊಡಲು ಓದಲು ಕೂತೆ. 1989ರಲ್ಲಿ ಡಲ್ಲಾಸ್‌ನ ಬೀದಿ ಮೂಲೆಗಳಲ್ಲಿ ನಿಂತು ನುಡಿಸಿದವರು ಇವರು. ಅಕ್ಕ ಮಾರ್ಟಿಯದು ಪಿಟೀಲು, ತಂಗಿ ಎಮಿಲಿಯದು ಬ್ಯಾಂಜೊ, ಜೊತೆಗೆ ಲಾರಾ ಲಿಂಚ್, ರಾಬಿನ್ ಮೇಸಿ. ದೊಡ್ಡ ಕಂಪನಿಯ ಹಂಗಿಲ್ಲದೆ ಮೂರು ಆಲ್ಬಂ ತಂದರು. 1995ರಲ್ಲಿ ಲಾರಾ ಜಾಗಕ್ಕೆ ನ್ಯಾಟಲಿ ಮೇನ್ಸ್ ಬಂದರು. ತಂಡಕ್ಕೆ ಸ್ಟೀಲ್ ಗಿಟಾರ್ ನುಡಿಸುತ್ತಿದ್ದ ಲಾಯ್ಡ್ ಮೇನ್ಸ್ ಮಗಳು. 1998ರ 'ವೈಡ್ ಓಪನ್ ಸ್ಪೇಸಸ್' ಅಮೆರಿಕದಲ್ಲೇ ಒಂದು ಕೋಟಿ ಪ್ರತಿ ದಾಟಿತು, ಮರುವರ್ಷದ 'ಫ್ಲೈ' ಕೂಡ. 2003ರಲ್ಲಿ, ಇರಾಕ್ ಯುದ್ಧದ ಹೊಸ್ತಿಲಲ್ಲಿ, ನ್ಯಾಟಲಿ ಲಂಡನ್ನಿನಲ್ಲಿ ಆಗಿನ ಅಧ್ಯಕ್ಷ ಬುಷ್ ಬಗ್ಗೆ ಆಡಿದ ಒಂದು ಮಾತಿಗೆ ಸ್ಟೇಷನ್‌ಗಳು ಇವರ ಹಾಡನ್ನೇ ಕಿತ್ತುಹಾಕಿದ್ದು ಬೇರೆ ಕತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಇಬ್ಬರು ಗಾಯಕಿಯರನ್ನು ಒತ್ತಟ್ಟಿಗೆ ಹಾಕಬಾರದು ಅನ್ನೋದು ಅಲ್ಲಿನ ಕಂಟ್ರಿ ರೇಡಿಯೊದ ಹಳೇ ಕಟ್ಟಳೆಯಂತೆ. ಒಂದು ಕೋಟಿ ಮಾರಿದವರಿದ್ದೂ ಅದು ಹೋಗಲಿಲ್ಲ. 2015ರಲ್ಲಿ ಕೀತ್ ಹಿಲ್ ಎಂಬ ರೇಡಿಯೊ ಸಲಹೆಗಾರ, ಸಲಾಡ್‌ನಲ್ಲಿ ಸೊಪ್ಪು ಗಂಡಸರು, ಹೆಂಗಸರು ಟೊಮೆಟೊ ಅಂದುಬಿಟ್ಟ, ಅಂದರೆ ಅಲ್ಲಲ್ಲಿ ಒಂದಿಷ್ಟು ಇದ್ದರೆ ಸಾಕು ಅಂತ. ನಮ್ಮಲ್ಲಿ ಟೊಮೆಟೊ ಇಲ್ಲದೆ ಸಾರೇ ಆಗಲ್ಲ, ಇರಲಿ.

ಸೋಮವಾರ ನಮ್ಮ ಮೇಲಿನವರ ಹತ್ತಿರ ಹೋದೆ. "ಸರ್, ಈ ರೂಲ್ ಹಾಕಿದ್ದು ಯಾರು?"

"ಗೊತ್ತಿಲ್ಲಪ್ಪ, ನಾನು ಬರೋಕೆ ಮುಂಚೆನೇ ಇತ್ತು."

ಕೇಳುಗರು ಚಾನೆಲ್ ಬದಲಿಸ್ತಾರೋ ಇಲ್ಲವೋ ನಮ್ಮಲ್ಲಿ ಯಾರೂ ನೋಡಿಯೇ ಇರಲಿಲ್ಲ. ಬೆಳಗಿನ ಏಳರ ಗಂಟೆಗೆ ಮಾತ್ರ ಆ ರೂಲ್ ತೆಗೆದು ನೋಡೋಣ ಅಂದೆ, ಒಪ್ಪಿದರು. ಜಾನಕಿ, ಚಿತ್ರಾ, ಅವರ ಹಿಂದೆ ವಾಣಿ ಜಯರಾಂ. ಆ ವಾರ ಬಂದ ದೂರು ಒಂದೇ, ಜಾಹೀರಾತು ಜಾಸ್ತಿಯಾಯ್ತು ಅಂತ.